ದುಡಿದುದಕ್ಕೆ ಸಾಕ್ಷಿ ಯಾರು?



ಬೇವೂರಿನ ಈ ಪ್ರವಚನಕ್ಕೆ ನಾವು ಬೇರೆ ವಿಷಯವನ್ನು ಸಿದ್ಧಮಾಡಿಕೊಂಡು ಬಂದಿದ್ದೆವು. ನಿನ್ನೆ ರಾತ್ರಿ ಪ್ರಸಾದವಾದ ಮೇಲೆ ಒಬ್ಬ ತಾಯಿ ಬಂದು ನಮ್ಮ ಎದುರು ಕುಳಿತಳು. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: “ಅಜ್ಜಾರ, ಹ್ವಾದ ಬ್ಯಾಸಿಗ್ಯಾಗ ಖಾತ್ರಿ ಕೆಲಸಕ್ಕ ಹೋಗಿದ್ನಿರಿ. ಮೂರು ದಿನ ಕೆರಿ ಮಣ್ಣ ಹೊತ್ತೀನಿ. ಎರಡು ದಿನದ ಪಗಾರ ಬಂತು, ಒಂದಿನದ್ದು ಬರಲಿಲ್ಲ. ಕೇಳಿದ್ರ, ಫೋಟೋದಾಗ ನೀ ಇಲ್ಲ ಅಂತಾರ. ಫೋಟೋದಾಗ ಇಲ್ಲಂದ್ರ ನಾ ಅವತ್ತು ದುಡದೇ ಇಲ್ಲೇನ್ರಿ?”

ನಮಗೆ ಉತ್ತರ ತೋಚಲಿಲ್ಲ. ಎಷ್ಟೋ ಶಾಸ್ತ್ರಗ್ರಂಥಗಳನ್ನು ಓದಿದ್ದೇವೆಂಬ ಹೆಮ್ಮೆ ಆ ಕ್ಷಣ ಎಲ್ಲಿ ಹೋಯಿತೋ ಕಾಣೆವು. ರಾತ್ರಿಯೆಲ್ಲ ಆ ಮಾತೇ ಕಿವಿಯಲ್ಲಿತ್ತು. ಆದ್ದರಿಂದ ಸಿದ್ಧಮಾಡಿಕೊಂಡು ಬಂದ ವಿಷಯವನ್ನು ಬದಿಗಿಟ್ಟು, ಈ ಸೀಮೆಯಲ್ಲಿ ದುಡಿಯುವವರ ದುಡಿಮೆಯನ್ನು ಯಾರು ಯಾರು ಎಣಿಸುತ್ತ ಬಂದರು, ಹೇಗೆ ಎಣಿಸಿದರು ಎಂಬ ಚರಿತ್ರೆಯನ್ನು ಇಂದು ನಿಮ್ಮ ಮುಂದಿಡುತ್ತೇವೆ.

ನಾವು ಕಲಿತದ್ದು ಸಂಸ್ಕೃತ ಪಾಠಶಾಲೆಯಲ್ಲಿ. ಅಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವೆಂದರೆ ರಾಜರ ಕುಟಿಲ ನೀತಿಯೆಂಬ ಮಾತೇ ಹೆಚ್ಚು. ಆ ಗ್ರಂಥ ಬಹುಕಾಲ ಲೋಕದ ಕಣ್ಣಿಗೆ ಬೀಳದೆ ಇತ್ತು. ಅದರ ತಾಳೆಗರಿ ಪ್ರತಿ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು, 1909ರಲ್ಲಿ ಅಚ್ಚಾಯಿತು. ಕನ್ನಡ ನಾಡಿನ ಒಬ್ಬ ಪಂಡಿತರ ಕಣ್ಣಿನಿಂದ ಲೋಕಕ್ಕೆ ದೊರೆತ ಗ್ರಂಥವದು. ಅದರಲ್ಲಿ ಭೃತ್ಯರ ವೇತನಕ್ಕೆ ಸಂಬಂಧಿಸಿದ ಒಂದು ಭಾಗವುಂಟು. ಕೂಲಿಯನ್ನು ಮೊದಲೇ ಮಾತಾಡಿಕೊಂಡಿದ್ದರೆ ಆ ಮಾತಿನಂತೆ ಕೊಡಬೇಕು. ಮಾತಾಡಿಕೊಳ್ಳದಿದ್ದರೆ ಬೇಸಾಯಗಾರನಿಗೆ ಬೆಳೆಯಲ್ಲಿ ಹತ್ತನೆಯ ಒಂದು ಪಾಲು, ದನಗಾಹಿಗೆ ತುಪ್ಪದಲ್ಲಿ ಹತ್ತನೆಯ ಒಂದು ಪಾಲು. ಸರಿ, ಇದು ಲೆಕ್ಕ. ಆದರೆ ಕೂಲಿಯ ವಿಷಯದಲ್ಲಿ ಜಗಳ ಬಂದರೆ? ಅದನ್ನು ಸಾಕ್ಷಿಗಳಿಂದ ತೀರ್ಮಾನಿಸಬೇಕು, ಸಾಕ್ಷಿಗಳು ಇಲ್ಲದಿದ್ದರೆ ಕೆಲಸ ಎಲ್ಲಿಂದ ಬಂದಿತೋ ಅಲ್ಲಿ ವಿಚಾರಿಸಬೇಕು ಎಂಬ ಭಾವದ ಮಾತು ಅಲ್ಲಿದೆ. ಅಂದರೆ ದುಡಿದವನ ಕೂಲಿ ಬಿಡಿಸುವ ಭಾರವನ್ನು ಆ ಕಠೋರ ನೀತಿಕಾರನೂ ಮನುಷ್ಯರ ಮೇಲೆಯೇ ಹೊರಿಸಿದ, ಯಾವುದೋ ಓಲೆಯ ಮೇಲೆ ಮಾತ್ರ ಹೊರಿಸಲಿಲ್ಲ.

ಆ ಕಾಲವನ್ನು ನಾವು ಹೊಗಳುತ್ತಿಲ್ಲ. ಅದೇ ಗ್ರಂಥದಲ್ಲಿ ‘ವಿಷ್ಟಿ’ ಎಂಬ ಶಬ್ದವಿದೆ. ಕೂಲಿಯಿಲ್ಲದೆ ಬಲವಂತದಿಂದ ಮಾಡಿಸಿಕೊಳ್ಳುವ ಕೆಲಸ. ಅದೇ ಶಬ್ದ ಕನ್ನಡದಲ್ಲಿ ‘ಬಿಟ್ಟಿ’ಯಾಯಿತು. ಇಲ್ಲಿಂದ ಸನಿಹದ ಯಲಬುರ್ಗಿ ಒಂದು ಕಾಲಕ್ಕೆ ಎರಂಬರಗೆ, ಸಿಂದ ಮನೆತನದ ರಾಜಧಾನಿ, ಕಲ್ಯಾಣದ ಚಾಲುಕ್ಯರ ಮಾಂಡಲಿಕರ ಊರು. ಕೆರೆ ಕಟ್ಟಿಸಿದ ಪ್ರಭುವಿನ ಹೆಸರು, ಭೂಮಿ ಬಿಟ್ಟ ದಾನಿಯ ಹೆಸರು ಕಲ್ಲಿನ ಮೇಲೆ ಉಳಿಯುವುದು ನಮ್ಮ ನಾಡಿನ ರೂಢಿ. ಆ ಕೆರೆಯ ಮಣ್ಣು ಹೊತ್ತವಳ ಹೆಸರನ್ನು ಯಾರೂ ಕೆತ್ತಿಸಲಿಲ್ಲ. ಬಿಟ್ಟಿಗೆ ಹೆಸರು ಎಲ್ಲಿಂದ ಬರಬೇಕು?

ಅದೇ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ‘ಕಾಯಕ’ ಎಂಬ ಶಬ್ದಕ್ಕೆ ಹೊಸ ಅರ್ಥ ಬಂತು. ಆಯ್ದಕ್ಕಿ ಮಾರಯ್ಯ ದಂಪತಿಗಳ ಕಥೆ ನಿಮಗೆಲ್ಲ ಬಾಯಿಪಾಠ, ಅದನ್ನು ಮತ್ತೆ ಹೇಳಿ ನಿಮ್ಮ ಹೊತ್ತು ಕಳೆಯುವುದಿಲ್ಲ. ಒಂದನ್ನು ಮಾತ್ರ ಗಮನಿಸಿರಿ. ಗಂಡ ತಂದ ಅಕ್ಕಿ ನಿತ್ಯದ ಪ್ರಮಾಣಕ್ಕಿಂತ ಹೆಚ್ಚಾಯಿತೆಂದು ಕಂಡುಹಿಡಿದವಳು ಲಕ್ಕಮ್ಮ. ಅಲ್ಲಿಯೂ ಅಳತೆ ಉಂಟು, ಲೆಕ್ಕ ಉಂಟು. ಆ ಲೆಕ್ಕವನ್ನು ಹಿಡಿದವಳು ಅದೇ ಕಾಯಕದಲ್ಲಿ ಪಾಲುದಾರಳಾದವಳು, ಒಲೆಯ ಮುಂದೆ ಕುಳಿತವಳು. ಆಕೆಗೆ ಅಕ್ಕಿಯೂ ಗೊತ್ತು, ಅಕ್ಕಿ ತಂದವನೂ ಗೊತ್ತು.

ಇನ್ನು ಏಳು ಶತಮಾನಗಳನ್ನು ಒಂದೇ ಹೆಜ್ಜೆಯಲ್ಲಿ ದಾಟಿ ಧಾತು ಈಶ್ವರ ಬರಕ್ಕೆ ಬರೋಣ. ಧಾತು ಸಂವತ್ಸರವೆಂದರೆ 1876, ಈಶ್ವರವೆಂದರೆ 1877. ಎರಡು ವರ್ಷ ಆಕಾಶ ಬತ್ತಿತು. ನಮ್ಮ ಸೀಮೆ ಆಗ ನಿಜಾಮನ ಆಳಿಕೆಯಲ್ಲಿ, ಹೊಳೆಯಾಚೆಯ ಬಳ್ಳಾರಿ ಮದ್ರಾಸ್ ಇಲಾಖೆಯಲ್ಲಿ, ಪಶ್ಚಿಮಕ್ಕೆ ಧಾರವಾಡ ಮುಂಬಯಿ ಇಲಾಖೆಯಲ್ಲಿ. ಆಳುವವರು ಮೂವರು, ಹಸಿವು ಒಂದೇ. ಇಂಗ್ಲಿಷರು ಬರಗಾಲದ ಕಾಮಗಾರಿ ತೆರೆದು, ರಸ್ತೆಗೆ ಜಲ್ಲಿ ಒಡೆಸಿ, ಕೆರೆ ತೋಡಿಸಿ ಕೂಲಿ ಕೊಟ್ಟರು. 1877ರ ಜನವರಿಯಲ್ಲಿ ವೈಸರಾಯ ಲಿಟ್ಟನ್ನನು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ದಕ್ಷಿಣಕ್ಕೆ ಕಳುಹಿಸಿದ. ಖರ್ಚು ಕಡಿಮೆಯಾಗಬೇಕು, ಇದು ಅವನಿಗಿದ್ದ ಅಪ್ಪಣೆ. ಅವನು ಲೆಕ್ಕ ಹಾಕಿ ಹೇಳಿದ: ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಅದರ ಮೇಲೆ ಸ್ವಲ್ಪ ಕಾಸು. ನಮ್ಮ ಅಳತೆಯಲ್ಲಿ ಒಂದು ಪೌಂಡೆಂದರೆ ಅರ್ಧ ಕಿಲೋದೊಳಗೆ. ಅದಕ್ಕೆ ಮೊದಲು ಮದ್ರಾಸಿನವರು ಕೊಡುತ್ತಿದ್ದುದು ಒಂದೂವರೆ ಪೌಂಡು.

ಟೆಂಪಲ್ ಮೂರ್ಖನಲ್ಲ. ಅವನ ಗಣಿತದಲ್ಲಿ ತಪ್ಪಿರಲಿಕ್ಕಿಲ್ಲ. ತಪ್ಪು ಇದ್ದುದು ಬೇರೆ ಕಡೆ. ಡಬ್ಲ್ಯೂ. ಆರ್. ಕಾರ್ನಿಶ್ ಎಂಬವನು ಆಗ ಮದ್ರಾಸಿನ ಸ್ಯಾನಿಟರಿ ಕಮಿಷನರ್, ಮೂಲತಃ ವೈದ್ಯ. ದಿನವಿಡೀ ಕಲ್ಲು ಒಡೆಯುವವನ ದೇಹ ಇಷ್ಟರಲ್ಲಿ ಉಳಿಯದು ಎಂದು ಅವನು ಟೆಂಪಲ್ಲನ ವಿರುದ್ಧ ಬಹಿರಂಗವಾಗಿ ವಾದಕ್ಕೆ ನಿಂತ. ಮುಂಬಯಿ ಇಲಾಖೆಯಲ್ಲಿ ಸಾವಿರಾರು ಕೂಲಿಗಳು, ಈ ಕೂಲಿಗೆ ದುಡಿಯಲಾರೆವೆಂದು ಕಾಮಗಾರಿ ಬಿಟ್ಟು ನಡೆದರು. ಹಸಿದವರು ಅನ್ನ ಕೊಡುವ ಕೆಲಸವನ್ನೇ ಬಿಟ್ಟು ಹೊರಟರೆಂದರೆ ಅದೆಂಥ ಸಂಕಟವಿದ್ದೀತು, ನೀವೇ ಊಹಿಸಿರಿ. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಸರ್ಕಾರಕ್ಕೆ ಬರೆಯಿತು. ಕೆಲವು ತಿಂಗಳೊಳಗೆ ಮದ್ರಾಸ್ ಸರ್ಕಾರ ಆ ಕೂಲಿಯನ್ನು ಕೈಬಿಟ್ಟು ಹೆಚ್ಚಿಸಬೇಕಾಯಿತು. ಅಷ್ಟರೊಳಗೆ ಹೋದ ಜೀವಗಳು ಹೋದವು. ಈ ಪ್ರಸಂಗವನ್ನು ಇಷ್ಟು ವಿಸ್ತರಿಸಿ ಹೇಳಲು ಕಾರಣವಿದೆ. ಮೇಜಿನ ಮುಂದೆ ಕುಳಿತು ಹಾಕಿದ ಒಂದು ಲೆಕ್ಕ ಲಕ್ಷಾಂತರ ಜನರ ಹೊಟ್ಟೆಯ ಮೇಲೆ ಕುಳಿತಿತು. ಆ ಲೆಕ್ಕ ಹಾಕಿದವನು ಮನುಷ್ಯನೇ. ಯಂತ್ರ ಬರುವ ಮೊದಲೇ ಮನುಷ್ಯ ಯಂತ್ರದಂತೆ ಯೋಚಿಸಬಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ನಮಗೆ ಬೇಡ.

ಇನ್ನು ನಮ್ಮ ಮುನಿರಾಬಾದಿಗೆ ಬನ್ನಿ. ತುಂಗಭದ್ರೆಗೆ ಅಣೆಕಟ್ಟು ಕಟ್ಟಲು 1945ರ ಫೆಬ್ರುವರಿ 28ರಂದು ಅಡಿಗಲ್ಲಿಟ್ಟರು. ಒಂದು ದಡ ಹೈದರಾಬಾದಿನದು, ಇನ್ನೊಂದು ಮದ್ರಾಸಿನದು. ನಡುವೆ ದೇಶಕ್ಕೆ ಸ್ವಾತಂತ್ರ್ಯ ಬಂತು, 1948ರಲ್ಲಿ ಹೈದರಾಬಾದು ವಿಮೋಚನೆಯಾಯಿತು, ಕಟ್ಟಡ ನಡೆದೇ ಇತ್ತು. 1953ರ ಹೊತ್ತಿಗೆ ಕಟ್ಟೆ ಎದ್ದು ನಿಂತಿತು. ಸಿಮೆಂಟು ಕಾಂಕ್ರೀಟಿನ ಬದಲು ಕಲ್ಲು ಮತ್ತು ಸುರ್ಕಿ ಗಾರೆಯಿಂದ ಕಟ್ಟಿದ ಅಣೆಕಟ್ಟು ಅದು. ಗಾರೆ ಅರೆಯಲು, ಕಲ್ಲು ಹೊರಲು, ಜೋಡಿಸಲು ಜನ ಬೇಕು. ಈ ಸೀಮೆಯ ಎಷ್ಟೋ ಮನೆಗಳ ಹಿರಿಯರು ಅಲ್ಲಿ ದುಡಿದವರು. ಮುಕಾದಮ ಹಾಜರಿ ಕೂಗುತ್ತಿದ್ದ, ಕಾರಕೂನ ಬರೆಯುತ್ತಿದ್ದ. ಕಾಲುವೆಯ ನೀರು ಗಂಗಾವತಿಯ ಕಡೆಗೆ ಹೋಗಿ ಅಲ್ಲಿ ಬತ್ತದ ಗದ್ದೆಗಳಾದವು. ನಮ್ಮ ಯಲಬುರ್ಗಿ, ಕುಷ್ಟಗಿಯ ಬಯಲು ಮಳೆಯನ್ನೇ ನಂಬಿ ಉಳಿಯಿತು. ಇರಲಿ, ಆ ದುಃಖ ಇಂದಿನ ವಿಷಯವಲ್ಲ.

ಅದೇ ಅಣೆಕಟ್ಟಿಗೆ 2024ರ ಆಗಸ್ಟ್ 10ರ ರಾತ್ರಿ ಏನಾಯಿತೆಂದು ನಿಮಗೆ ಗೊತ್ತು. 33 ಗೇಟುಗಳಲ್ಲಿ 19ನೆಯ ಗೇಟಿನ ಸರಪಳಿ ಹರಿದು ಗೇಟೇ ಕೊಚ್ಚಿಹೋಯಿತು. ತುಂಬಿದ ಜಲಾಶಯ ಕಣ್ಣೆದುರು ಬರಿದಾಗತೊಡಗಿತು. ರೈತರ ಒಂದು ವರ್ಷದ ಅನ್ನ ಹೊಳೆಗೆ ಹರಿಯುತ್ತಿತ್ತು. ಆಗ ಕರೆಸಿದ್ದು ಯಾರನ್ನು? ಎಪ್ಪತ್ತು ವರ್ಷ ದಾಟಿದ, ನಿವೃತ್ತರಾದ ಕನ್ನಯ್ಯ ನಾಯ್ಡು ಅವರನ್ನು. ಜೀವಮಾನವಿಡೀ ಗೇಟುಗಳ ಜೊತೆ ಕಳೆದವರು. ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಗೇಟುಗಳನ್ನು ಇಳಿಸಬಹುದೆಂದು ಅವರು ಹೇಳಿದರು. ವಾರದೊಳಗೆ ಕೆಲಸಗಾರರು ಜೀವ ಒತ್ತೆಯಿಟ್ಟು ಇಳಿಸಿದರು. ಕ್ರೇನು ಬೇಕಾಯಿತು, ಕಾರ್ಖಾನೆ ಬೇಕಾಯಿತು, ಲೆಕ್ಕಾಚಾರ ಬೇಕಾಯಿತು. ಅವೆಲ್ಲದರ ಜೊತೆಗೆ, ಇದು ಆಗುತ್ತದೆ, ಇಲ್ಲಿ ಇಳಿಸಿರಿ ಎಂದು ಹೇಳಿ ಅದರ ಹೊಣೆ ಹೊರುವ ಒಬ್ಬ ಮುದುಕ ಬೇಕಾಯಿತು.

ಸಾಂಖ್ಯ ದರ್ಶನದ ಹೆಸರು ‘ಸಂಖ್ಯೆ’ ಎಂಬ ಶಬ್ದದಿಂದ ಬಂದುದು. ತತ್ತ್ವಗಳನ್ನು ಎಣಿಸುವವರು ಅವರು. ಅಂಥ ಎಣಿಕೆಯವರೂ ಬುದ್ಧಿಯೆಂದರೆ ಎಣಿಸುವ ಶಕ್ತಿ ಎನ್ನಲಿಲ್ಲ, ನಿಶ್ಚಯಿಸುವ ಶಕ್ತಿ ಎಂದರು. ಈಗ ಲೋಕವೆಲ್ಲ ‘ಕೃತಕ ಬುದ್ಧಿಮತ್ತೆ’ ಎಂಬ ಮಾತನ್ನು ಆಡುತ್ತಿದೆ. ನಿಮ್ಮ ಮಕ್ಕಳು ಎ.ಐ. ಎನ್ನುತ್ತಾರೆ. ಬೆಂಗಳೂರಿನ ಕಚೇರಿಗಳಲ್ಲಿ ಅದು ಪತ್ರ ಬರೆಯುತ್ತದೆ, ಲೆಕ್ಕ ಮಾಡುತ್ತದೆ, ಕಂಪ್ಯೂಟರಿನ ಪ್ರೋಗ್ರಾಂ ಬರೆಯುತ್ತದೆ. ಇದೇ ಊರಿನಿಂದ ಇಂಜಿನಿಯರಿಂಗ್ ಓದಿ ಹೋದ ಹುಡುಗರು ಹಬ್ಬಕ್ಕೆ ಬಂದಾಗ ನಮ್ಮ ಮುಂದೆ ಅಂಜಿಕೆಯಿಂದ ಮಾತಾಡುತ್ತಾರೆ. ಅದು ನಗರದ ಮಾತು, ನಮಗೇನು ಎಂದು ನೀವು ತಿಳಿಯಬೇಡಿರಿ. ನಗರಕ್ಕೆ ಬರುವ ಮೊದಲೇ ಅದರ ತಮ್ಮನೊಬ್ಬ ನಿಮ್ಮ ಕೆರೆಯಂಗಳಕ್ಕೆ ಬಂದಿದ್ದಾನೆ.

ಉದ್ಯೋಗ ಖಾತ್ರಿ ಕಾಯ್ದೆ 2005ರಲ್ಲಿ ಆಯಿತು. ಕೂಲಿ ಕೇಳುವುದು ಭಿಕ್ಷೆಯಲ್ಲ, ಹಕ್ಕು ಎಂದು ಹೇಳಿದ ಕಾಯ್ದೆ. ಬಿಟ್ಟಿಯ ನಾಡಿನಲ್ಲಿ ಅದು ಸಣ್ಣ ಮಾತಲ್ಲ. ಕಾಮಗಾರಿಯ ಸ್ಥಳದಲ್ಲಿ ಹಾಜರಿ ಹಿಡಿದು, ಕೆಲಸ ಹಂಚಿ, ನೆರಳು ನೀರು ನೋಡಿಕೊಳ್ಳುವ ಮೇಟಿಗೆ ನಮ್ಮ ರಾಜ್ಯದಲ್ಲಿ ‘ಕಾಯಕ ಬಂಧು’ ಎಂದು ಹೆಸರಿಟ್ಟರು. ಈ ಹೆಸರು ಯಾರಿಗೆ ಹೊಳೆಯಿತೋ, ಅವರಿಗೆ ನಮ್ಮ ಶರಣು. ಮೊದಲು ಕಾಗದದ ಎನ್.ಎಂ.ಆರ್. ಇತ್ತು. ಅದರಲ್ಲಿ ಸತ್ತವರೂ ದುಡಿಯುತ್ತಿದ್ದರು, ಊರು ಬಿಟ್ಟವರೂ ದುಡಿಯುತ್ತಿದ್ದರು, ಜೆಸಿಬಿ ಮಾಡಿದ ಕೆಲಸಕ್ಕೆ ಜನರ ಹೆಸರು ಬೀಳುತ್ತಿತ್ತು. ನಿಜ ಹೇಳಬೇಕು. ಕಳ್ಳತನವಾಗದಿದ್ದರೆ ಕಾವಲು ಬರುತ್ತಿರಲಿಲ್ಲ.

ಕಾವಲು ಬಂತು. 2021ರಲ್ಲಿ ಕೇಂದ್ರ ಸರ್ಕಾರ ಮೊಬೈಲಿನಲ್ಲಿ ಹಾಜರಿ ಹಿಡಿಯುವ ಎನ್.ಎಂ.ಎಂ.ಎಸ್. ಎಂಬ ವ್ಯವಸ್ಥೆ ತಂದು, 2023ರ ಜನವರಿ 1ರಿಂದ ಎಲ್ಲ ಸಾಮೂಹಿಕ ಕಾಮಗಾರಿಗೂ ಕಡ್ಡಾಯ ಮಾಡಿತು. ದಿನಕ್ಕೆ ಎರಡು ಸಲ ಫೋಟೋ. ಯಾವ ಜಾಗ, ಯಾವ ಹೊತ್ತು ಎಂಬುದು ಫೋಟೋದ ಜೊತೆಯಲ್ಲೇ ದಾಖಲಾಗುತ್ತದೆ. ನೆಟ್‌ವರ್ಕ್ ಸಿಗದ ಅಡವಿಯಲ್ಲಿ ಕಾಯಕ ಬಂಧು ಫೋನು ಎತ್ತಿ ಹಿಡಿದು ದಿಬ್ಬ ಹತ್ತುವುದನ್ನು ನಾವೇ ಕಂಡಿದ್ದೇವೆ. ಬೆಳಿಗ್ಗೆ ಬೇಗ ಕೆಲಸ ಮುಗಿಸಿದವರು ಎರಡನೆಯ ಫೋಟೋಕ್ಕಾಗಿ ಬಿಸಿಲಿನಲ್ಲಿ ಕಾಯುತ್ತ ಕೂಡುತ್ತಾರೆ. ಕೆಲಸ ಮುಗಿದಿದೆ, ಆದರೆ ಮುಗಿದಿದೆಯೆಂದು ಫೋಟೋ ಒಪ್ಪಬೇಕು.

ಇನ್ನು ಕಳ್ಳತನ ನಿಂತಿತೆ? 2025ರ ಜುಲೈಯಲ್ಲಿ ಅದೇ ಸಚಿವಾಲಯ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಸಂಬಂಧವಿಲ್ಲದ ಫೋಟೋ ಹಾಕುತ್ತಿದ್ದಾರೆ, ಫೋಟೋವನ್ನೇ ಫೋಟೋ ತೆಗೆದು ಹಾಕುತ್ತಿದ್ದಾರೆ, ಆದ್ದರಿಂದ ಗ್ರಾಮ ಪಂಚಾಯ್ತಿಯಿಂದ ಹಿಡಿದು ಮೇಲಿನವರೆಗೆ ಅಧಿಕಾರಿಗಳು ಈ ಫೋಟೋಗಳನ್ನು ಕಣ್ಣಾರೆ ನೋಡಿ ಪರಿಶೀಲಿಸಬೇಕು ಎಂದು. ಓದಿ ನಮಗೆ ನಗು ಬಂತು. ಮನುಷ್ಯನನ್ನು ನಂಬದೆ ಯಂತ್ರ ತಂದರು, ಯಂತ್ರವನ್ನು ನಂಬಲಾರದೆ ಮತ್ತೆ ಮನುಷ್ಯನ ಕಣ್ಣು ಬೇಕೆಂದರು. ಸುಳ್ಳು ಫೋಟೋ ಹಾಕಿದವನು ಹೇಗೋ ದಾರಿ ಕಂಡುಕೊಂಡ. ನಿಜವಾಗಿ ಮಣ್ಣು ಹೊತ್ತ ನಮ್ಮ ತಾಯಿಗೆ ದಾರಿ ಕಾಣಲಿಲ್ಲ. 2025ರ ಡಿಸೆಂಬರಿನಲ್ಲಿ ಸಂಸತ್ತು ಹಳೆಯ ಕಾಯ್ದೆಯ ಬದಲಿಗೆ ಹೊಸ ಕಾಯ್ದೆಯನ್ನು ಅಂಗೀಕರಿಸಿದೆ. ವರ್ಷಕ್ಕೆ 125 ದಿನ ಕೆಲಸ ಎನ್ನುತ್ತದೆ ಅದು. ವಂಚನೆ ಪತ್ತೆಗೆ ಕೃತಕ ಬುದ್ಧಿಮತ್ತೆಯನ್ನು ಬಳಸುವ ಮಾತೂ ಅದರಲ್ಲಿದೆ. ಕಳ್ಳನನ್ನು ಹಿಡಿಯಲಿ, ನಮ್ಮ ತಕರಾರಿಲ್ಲ. ಆದರೆ ಅದು ಒಬ್ಬ ಕೂಲಿಯವಳನ್ನು ಕಳ್ಳಿ ಎಂದು ತಪ್ಪಾಗಿ ಬಗೆದರೆ, ಅವಳು ಯಾರ ಮುಂದೆ ನಿಂತು ಅಲ್ಲ ಎನ್ನಬೇಕು? ಆ ಮನುಷ್ಯ ಯಾರು, ಅವನ ಕುರ್ಚಿ ಎಲ್ಲಿದೆ, ಅವನಿಗೆ ಯಂತ್ರದ ಮಾತನ್ನು ತಿದ್ದುವ ಅಧಿಕಾರ ಉಂಟೆ? ಇದನ್ನು ನೀವು ಗ್ರಾಮಸಭೆಯಲ್ಲಿ ಕೇಳಿರಿ. ಪ್ರವಚನದಲ್ಲಿ ತಲೆದೂಗುವುದಕ್ಕಿಂತ ಅಲ್ಲಿ ಬಾಯಿಬಿಡುವುದು ಹೆಚ್ಚು ಪ್ರಯೋಜನ.

ಯಂತ್ರವೆಲ್ಲ ಕೇಡು ಎಂದು ನಾವು ಹೇಳಿದೆವೆಂದು ಯಾರೂ ಬರೆದುಕೊಳ್ಳಬೇಡಿರಿ. ‘ಭೂಮಿ’ ಯೋಜನೆಯಲ್ಲಿ ರಾಜ್ಯದ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಹೋದವು. ಒಂದು ಪಹಣಿಗಾಗಿ ಲೆಕ್ಕಿಗರ ಬೆನ್ನು ಹತ್ತಿ ಅಲೆಯುವುದು ತಪ್ಪಿತು. ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿ ಬಿದ್ದವರ ಅಲೆದಾಟ ಮಾತ್ರ ಬೇರೆ ಬಾಗಿಲಲ್ಲಿ ಶುರುವಾಯಿತು. ಇನ್ನೊಂದು ಸಂಗತಿ ಕೇಳಿರಿ. ಬೆಂಗಳೂರಿನಲ್ಲಿ ‘ಕಾರ್ಯ’ ಎಂಬ ಸಂಸ್ಥೆಯಿದೆ, ಒಳ್ಳೆಯ ಸಂಸ್ಕೃತ ಶಬ್ದ. ನಮ್ಮ ರಾಜ್ಯದ ಹಳ್ಳಿಗಳ ಹೆಣ್ಣುಮಕ್ಕಳು ಫೋನಿನಲ್ಲಿ ಕನ್ನಡ ವಾಕ್ಯಗಳನ್ನು ಓದಿ ಧ್ವನಿ ಕೊಡುತ್ತಾರೆ, ಆ ಧ್ವನಿಯಿಂದ ಯಂತ್ರ ಕನ್ನಡ ಕಲಿಯುತ್ತದೆ. 2023ರಲ್ಲಿ ಬಂದ ವರದಿಯಂತೆ ಗಂಟೆಗೆ 5 ಡಾಲರಿನಷ್ಟು ಕೂಲಿ, ಆ ಧ್ವನಿಯನ್ನು ಮತ್ತೆ ಮಾರಿದರೆ ಅದರಲ್ಲೂ ಪಾಲು. ಹಳ್ಳಿಯವಳ ಬಾಯಿಮಾತಿಗೆ ಬೆಲೆಯಿದೆಯೆಂದು ಒಪ್ಪಿಕೊಂಡರಲ್ಲ, ಅದು ನಮಗೆ ಸಮಾಧಾನ. ಯಂತ್ರಕ್ಕೆ ಮಾತು ಬಂದದ್ದು ಇಂಥ ಬಾಯಿಗಳಿಂದ. ನಾಳೆ ಅದೇ ಯಂತ್ರ ನಿಮ್ಮೊಡನೆ ಕನ್ನಡದಲ್ಲಿ ಮಾತಾಡಿ, ನಿಮಗೆ ಕೂಲಿ ಇಲ್ಲ ಎಂದರೆ, ಅದು ಯಾರಿಂದ ಕಲಿತ ಕನ್ನಡ ಎಂದು ಕೇಳುವ ಹಕ್ಕು ನಿಮಗುಂಟು.

ಇಷ್ಟೆಲ್ಲ ಪರರ ತಪ್ಪು ಹೇಳಿದೆವು. ಈಗ ನಮ್ಮದೊಂದನ್ನು ಹೇಳದಿದ್ದರೆ ಈ ಪೀಠದ ಮೇಲೆ ಕೂಡುವುದು ಸಲ್ಲದು.

ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಮಠದಲ್ಲಿ ದಾಸೋಹದ ಮನೆ ಕಟ್ಟಿಸುತ್ತಿದ್ದೆವು. ಗೌಂಡಿಯ ಕೈಕೆಳಗಿನ ಒಬ್ಬ ಹುಡುಗ ವಾರದ ಬಟವಾಡೆಯ ದಿನ ಬಂದು, ನಾಲ್ಕು ದಿನದ ಕೂಲಿ ಬಂದಿಲ್ಲ ಎಂದ. ಮಠದ ಹಾಜರಿ ಪುಸ್ತಕ ತರಿಸಿ ನೋಡಿದೆವು. ಅವನ ಹೆಸರು ಇರಲಿಲ್ಲ. “ಪುಸ್ತಕದಲ್ಲಿ ಇಲ್ಲವಲ್ಲಪ್ಪ” ಎಂದೆವು. ಅವನು ವಾದಿಸಲಿಲ್ಲ. ನಮ್ಮ ಪಾದಕ್ಕೆ ನಮಸ್ಕರಿಸಿ ಹೋದ. ಕಟ್ಟಡ ಮುಗಿದು ಸುಣ್ಣ ಬಳಿಯುವಾಗ ಗೌಂಡಿ ಒಂದು ಗೋಡೆ ತೋರಿಸಿ, ಈ ಬುನಾದಿಯ ಕಲ್ಲು ಆ ಹುಡುಗ ಹೊತ್ತದ್ದು ಎಂದ. ಆ ನಾಲ್ಕು ದಿನ ಹಾಜರಿ ಬರೆಯುವವರು ಬೀಗರ ಊರಿಗೆ ಹೋಗಿದ್ದರಂತೆ. ಗೌಂಡಿಯನ್ನು ನಾವು ಅಂದೇ ಕೇಳಬಹುದಾಗಿತ್ತು. ಇಪ್ಪತ್ತು ಹೆಜ್ಜೆ ದೂರದಲ್ಲಿ ಅವನು ಗೋಡೆ ಕಟ್ಟುತ್ತಿದ್ದ. ಕೇಳಲಿಲ್ಲ. ಪುಸ್ತಕ ಕೈಯಲ್ಲಿತ್ತು.

ಹುಡುಗನ ಊರಿಗೆ ನಾವೇ ಹೋದೆವು. ಅವನು ಗೋವೆಗೆ ಗುಳೆ ಹೋಗಿದ್ದ. ತಾಯಿಯ ಕೈಗೆ ಹಣ ಕೊಟ್ಟೆವು. ಆಕೆ ಎಣಿಸಲಿಲ್ಲ, ಸೆರಗಿನಲ್ಲಿ ಕಟ್ಟಿಕೊಂಡಳು. “ಅವ ಬಂದ್ರ ಹೇಳ್ತೀನ್ರಿ ಅಜ್ಜಾರ” ಎಂದಳು. ಅವನು ಆಮೇಲೆ ಮಠದ ಕಡೆಗೆ ಬಂದದ್ದು ನಮಗೆ ತಿಳಿಯದು. ಅಂದಿನಿಂದ ಮಠದಲ್ಲಿ ಬಟವಾಡೆಗೆ ಮೊದಲು ಪುಸ್ತಕವನ್ನು ದುಡಿದವರ ಮುಂದೆ ಗಟ್ಟಿಯಾಗಿ ಓದಿಸುತ್ತೇವೆ. ಬಿಟ್ಟುಹೋದವರ ಹೆಸರನ್ನು ಪಕ್ಕದವರು ಹೇಳುತ್ತಾರೆ. ಈಗ ಮಠಕ್ಕೂ ಕಂಪ್ಯೂಟರ್ ಬಂದಿದೆ. ಅದರಲ್ಲಿ ಬರೆದುದನ್ನೂ ಹಾಗೆಯೇ ಓದಿಸುತ್ತೇವೆ. ಹುಡುಗರು, ಇದರಿಂದ ಹೊತ್ತು ಹಾಳು ಎನ್ನುತ್ತಾರೆ. ಹಾಳಾಗಲಿ.

ನಿನ್ನೆ ಬಂದ ಆ ತಾಯಿ ಇಲ್ಲಿಯೇ ಹೆಣ್ಣುಮಕ್ಕಳ ಸಾಲಿನಲ್ಲಿ ಕುಳಿತಿದ್ದಾಳೆ. ಹೆಸರು ಹೇಳಿ ಆಕೆಯನ್ನು ನಾಚಿಸುವುದಿಲ್ಲ. ಅವಳಿಗೆ ಬರಬೇಕಾದುದು ಒಂದು ದಿನದ 370 ರೂಪಾಯಿ. ನಾಳೆ ಮುಂಜಾನೆ ಪ್ರವಚನ ಇರುವುದಿಲ್ಲ. ಹತ್ತು ಗಂಟೆಗೆ ನಾವು ಆಕೆಯ ಸಂಗಡ ಪಂಚಾಯ್ತಿಗೆ ಹೋಗುವವರಿದ್ದೇವೆ. ಆ ದಿನ ಕೆರೆಯಲ್ಲಿ ಆಕೆಯ ಜೊತೆಗೆ ಬುಟ್ಟಿ ಹೊತ್ತವರು, ಗುದ್ದಲಿ ಹಿಡಿದವರು ಈ ಸಭೆಯಲ್ಲಿ ಇದ್ದೀರಿ. ಪ್ರಸಾದ ಮುಗಿಸಿಕೊಂಡು ನಮ್ಮ ಬಳಿಗೆ ಬಂದು ಹೆಸರು ಬರೆಸಿರಿ.